ಎಳೆ ಸಾಹೇಬರ ಕರೆಗಂಟೆ

ನಮ್ಮ ಕಚೇರಿಯಲ್ಲಿ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಎಲ್ಲರಿಗೂ ಅವರು ಎಳೆ ಸಾಹೇಬರು. ಕಾರ್ಬನ್ ನಾರು ಸುಟ್ಟಾಗ ಗಾಳಿಗೇರುವ, ಕೂದಲಿಗಿಂತ ಸಣ್ಣ ಎಳೆಗಳು ಯಾವ ಯಂತ್ರದೊಳಗೆ ಹೊಕ್ಕು ಕರೆಂಟಿಗೆ ಕಳ್ಳದಾರಿ ಮಾಡಿಕೊಡಬಹುದು ಎಂದು ಅಂದಾಜು ಮಾಡುವುದು ಅವರ ಕೆಲಸ. ಸ್ವಿಚ್‌ಬೋರ್ಡಿನ ಮುಚ್ಚಳ ತೆಗೆಯುವಾಗ ತೊಟ್ಟಿಲಿಗೆ ಬಗ್ಗಿದವರಂತೆ ಉಸಿರು ಬಿಗಿಹಿಡಿಯುತ್ತಾರೆ. ಎಳೆ ಸಿಕ್ಕೀತೇ ಎಂದು ಅಂಟುಪಟ್ಟಿ ಒತ್ತಿ, ಕಿತ್ತು, ಬೆಳಕಿಗೆ ಹಿಡಿಯುತ್ತಾರೆ. ಯಾರು ಒಳಗೆ ಬಂದರೂ, ಗಾಳಿಯಲ್ಲಿ ಎಳೆ ತೂರಿಬಂದೀತೆಂದು, "ಮೊದಲು ಬಾಗಿಲು ಹಾಕಿ!" ಎಂದು ಗದರುತ್ತಾರೆ; ಸ್ವಂತ ಬೀಗರಿಗೂ ಇದೇ ಸ್ವಾಗತ. ತಪಾಸಣೆಗೆ ಹೋದ ಕಡೆ ಖಾಲಿ ಲಿಫ್ಟು ತಾನೇ ಬಂದು ಬಾಯಿ ತೆರೆದಾಗ, ಯಾರೂ ಇಲ್ಲದ ಕೋಣೆಯಲ್ಲಿ ಫ್ಯಾನು ತಿರುಗತೊಡಗಿದಾಗ, ನಮಗೆ ಮೈ ಜುಮ್ಮೆನ್ನುತ್ತದೆ. ಅವರು ಮಾತ್ರ "ದೆವ್ವನೂ ಅಲ್ಲ, ಗಿವ್ವನೂ ಅಲ್ಲ, ಎಳೆ ಕೂತಿದೆ, ಒರೆಸಿ" ಅನ್ನುತ್ತಾರೆ. ಒರೆಸಿದರೆ ನಿಂತೂ ಹೋಗುತ್ತದೆ. ಮೊನ್ನೆ ಸಂಜೆ ಅವರ ಮನೆಯಲ್ಲಿ ಕೂತಿದ್ದೆ. ಕರೆಗಂಟೆ ಎರಡು ಸಲ ಅವಸರವಾಗಿ ಬಡಿದುಕೊಂಡಿತು. ಸಾಹೇಬರು ಎದ್ದು ಬಾಗಿಲು ತೆರೆದರು. ಹೊರಗೆ ಯಾರೂ ಇರಲಿಲ್ಲ. ಆದರೂ ಒಬ್ಬರಿಗೆ ದಾರಿ ಬಿಡುವಷ್ಟು ಪಕ್ಕಕ್ಕೆ ಸರಿದು ನಿಂತರು. ಬಾಗಿಲು ಹಾಕುವ ಅವಸರವನ್ನೇ ತೋರಲಿಲ್ಲ. "ನಿಮ್ಮನೆ ಬೆಲ್ಲಲ್ಲೂ ಎಳೆ ಕೂತಿದ್ಯಾ ಸಾರ್?" ಎಂದೆ. "ಹೂಂ. ನಮ್ಮನೆಯವಳು ತೀರಿಕೊಂಡಾಗಿಂದ ಕೂತಿದೆ. ಅವಳು ಕೆಲಸದಿಂದ ಬರ್ತಿದ್ದ ಹೊತ್ತು ಇದು. ಹೀಗೇ ಎರಡು ಸಲ ಒತ್ತೋಳು." "ಒರೆಸಿಬಿಡಿ ಸಾರ್" ಎಂದೆ. ಅವರು ತೆರೆದ ಬಾಗಿಲನ್ನೇ ನೋಡುತ್ತ, ಒಳಗಿರುವ ಯಾರಿಗೂ ಕೇಳಬಾರದೆಂಬಂತೆ ಪಿಸುಗುಟ್ಟಿದರು: "ಒರೆಸಿದ್ರೆ ನಿಂತುಬಿಡುತ್ತಲ್ಲ!"