ಮಾವನ ಚೊಂಬೂ ನನ್ನ ವಾಚಿನ ಕೀಯೂ

ಕಳೆದ ಭಾನುವಾರ ಬೆಳಿಗ್ಗೆ ಮುಖ ತೊಳೆದು ಟವೆಲ್ಲಿಗೆ ಕೈ ಚಾಚಿದವನು ನೋಡುತ್ತೇನೆ, ವಾಚಿನ ಗಾಜಿನ ಮೇಲೆ ಮಂಜು. ಒರೆಸಿದೆ, ಹೋಗಲಿಲ್ಲ. ಮಂಜು ಒಳಗಿದ್ದರೆ ಹೊರಗೆ ಒರೆಸಿ ಏನು ಬಂತು! ಪಕ್ಕದ ಕೀ ಮುಟ್ಟಿದೆ. ಲೊಡಲೊಡ ಅಲ್ಲಾಡಿತು. ಮೊದಲು ನೆನಪಾದವರು ಭೀಮನಬೀಡಿನ ನನ್ನ ಮಾವ. ಆಮೇಲೆ ಅವರ ಹಿತ್ತಾಳೆ ಚೊಂಬು.

ವಾಚಿಗೂ ಚೊಂಬಿಗೂ ಎಲ್ಲಿಯ ನಂಟು ಎನ್ನುತ್ತೀರಿ. ನಮ್ಮ ಕಡೆ ಮದುವೆಯಲ್ಲಿ ಅಳಿಯನಿಗೆ ಮಾವ ವಾಚು ಕಟ್ಟುತ್ತಾನೆ. ನನ್ನ ಮಾವ ಗುಂಡ್ಲುಪೇಟೆಯ ಅಂಗಡಿಗಳನ್ನೆಲ್ಲ ಒಲ್ಲೆನೆಂದು, ಕಾಡು ದಾಟಿ ಕೇರಳದ ಬತ್ತೇರಿಗೆ ಹೋಗಿ, ದುಬೈಯಿಂದ ಬಂದವರೊಬ್ಬರ ಹತ್ತಿರ ನೀರು ಹೋಗದ ವಾಚು ತಂದರು. ಅದರ ಕೀ ಉಳಿದ ವಾಚುಗಳಂತೆ ಸುಮ್ಮನೆ ಒಳಗೆ ಒತ್ತುವಂಥದಲ್ಲ. ಬಾಟಲಿ ಮುಚ್ಚಳದ ಹಾಗೆ ಒತ್ತಿಕೊಂಡು ತಿರುಗಿಸಿ ಬಿಗಿ ಮಾಡಬೇಕು. ಬಿಗಿಯಾಗಿದ್ದರೆ ಕೆರೆಗೆ ಎಸೆದರೂ ಚಿಂತೆಯಿಲ್ಲ. ಸಡಿಲವಾಗಿದ್ದರೆ ಮುಖ ತೊಳೆಯುವ ನೀರೂ ಸಾಕು.

ಕೆರೆ ದೂರವಾದ್ದರಿಂದ ಮಾವ ಚೊಂಬು ಹಿಡಿದರು. ಮನೆಗೆ ಯಾರೇ ಬರಲಿ, ಅರಿಶಿನ ಕೊಳ್ಳುವವರಾಗಲಿ, ಹಸುವಿಗೆ ಇಂಜೆಕ್ಷನ್ ಚುಚ್ಚಲು ಬಂದ ಡಾಕ್ಟರಾಗಲಿ, ನಾನು ಅಲ್ಲಿದ್ದರೆ ಮುಗಿಯಿತು. "ಎಲ್ಲಿ ಅಳೀಮಯ್ಯ, ವಸಿ ಬಿಚ್ಚಿ ಕೊಡಿ," ಎಂದು ವಾಚು ಇಸಿದುಕೊಂಡು, ತುಂಬಿದ ಚೊಂಬಿಗೆ ಬುಳಕ್ಕನೆ ಬಿಡುತ್ತಿದ್ದರು. "ಮುಳುಗ್ಸಿ ಬುಟ್ರೂ ಯಾನೂ ಆಗಲ್ಲ ಕಣ! ನಮ್ಮ ಅಳಿಯಂದ್ರ ವಾಚು!" ಬಂದವರು ಕಾಫಿ ಕುಡಿದು ಮುಗಿಸುವವರೆಗೆ ಅದು ನೀರಿನಲ್ಲೇ ಇರಬೇಕು. ಆಮೇಲೆ ಎತ್ತಿ, ಟವೆಲ್ಲಿನಲ್ಲಿ ಒರೆಸಿ, ಎಲ್ಲರ ಕಿವಿಗೂ ಹಿಡಿಯುವರು. ಆಗ ಮಾವನ ಮುಖ ನೋಡಬೇಕಿತ್ತು ನೀವು.

ನನ್ನ ಕಷ್ಟ ಯಾರಿಗೆ ಹೇಳಲಿ? ಆ ಕೀ ತನ್ನಷ್ಟಕ್ಕೆ ಬಿಚ್ಚಿಕೊಳ್ಳುತ್ತಿತ್ತು. ಬೆಳಿಗ್ಗೆ ಬಿಗಿ ಮಾಡಿ ಚಾಮರಾಜನಗರದ ಆಫೀಸಿಗೆ ಹೋದರೆ ಸಂಜೆಗೆ ಅರ್ಧ ಸುತ್ತು ಸಡಿಲ. ನಾನು ಸ್ಕೂಟರನ್ನು ದೂರಿದೆ, ರಸ್ತೆಯ ಗುಂಡಿಗಳನ್ನು ದೂರಿದೆ. ಹೆಂಡತಿ ನಾಗಮಣಿ ಮಾತ್ರ ನನ್ನನ್ನೇ ದೂರಿದಳು. "ಹೊತ್ತಾರೆಯಿಂದ ಸಂಜೆ ಗಂಟ ಗಲ್ಲಕ್ಕೆ ಕೈ ಕೊಟ್ಕೊಂಡು ಕೂತಿದ್ರೆ ಇನ್ಯಾನಾದದು? ವಾಚ್ಗೂ ಬ್ಯಾಸರ ಆಗಿರ್ತದ ಬುಡಿ."

ಅವಳ ಬಾಯಿ ಮುಚ್ಚಿಸಲೆಂದೇ ಅವಳನ್ನೂ ಕರೆದುಕೊಂಡು ಗುಂಡ್ಲುಪೇಟೆ ಬಸ್‌ಸ್ಟ್ಯಾಂಡಿನ ಹಿಂದೆ ವಾಚು ರಿಪೇರಿ ಮಾಡುವ ಬಾಲಣ್ಣನ ಹತ್ತಿರ ಹೋದೆ. ಬಾಲಣ್ಣ ಬತ್ತೇರಿ ಕಡೆಯವರು. ಕನ್ನಡ ಚೆನ್ನಾಗಿಯೇ ಆಡುತ್ತಾರೆ, ಕೊನೆಗೆ ಮಾತ್ರ 'ಅಲ್ಲವೇ' ಎನ್ನುವ ಮಲಯಾಳದ ಒಂದು 'ಅಲ್ಲೇ' ಬಂದು ಕೂರುತ್ತದೆ. ವಾಚು ನೋಡಲೇ ಇಲ್ಲ, ನನ್ನ ಕೈ ಹಿಡಿದು ಮಡಚಿ ನೋಡಿದರು.

"ಸಾರೇ, ಬೆಲ್ಟು ಲೂಸು. ವಾಚು ಜಾರಿ ಮಣಿಕಟ್ಟಿನ ಕೆಳಗೆ ಬರ್ತದೆ. ನೀವು ಕೈ ಊರಿ ಏಳ್ತೀರಿ, ಗಲ್ಲಕ್ಕೆ ಕೈ ಕೊಡ್ತೀರಿ, ಅಲ್ಲೇ? ಆವಾಗೆಲ್ಲ ಕೈಯ ಹಿಂಬದಿ ಕೀನ ಉಜ್ತದೆ. ಉಜ್ಜಿ ಉಜ್ಜಿ ಅದು ಬಿಚ್ಕೊಳ್ತದೆ."

ನಾಗಮಣಿ ಪಕ್ಕದಲ್ಲೇ ನಿಂತಿದ್ದಳು. ಮನೆ ಮುಟ್ಟುವವರೆಗೂ ಗಲ್ಲಕ್ಕೆ ಕೈ ಕೊಟ್ಟುಕೊಂಡೇ ಬಂದಳು.

ಬಾಲಣ್ಣ ಬೆಲ್ಟಿಗೆ ಇನ್ನೊಂದು ತೂತು ಹಾಕಿ, ಕೀ ಬಿಗಿ ಮಾಡುವ ಕ್ರಮವನ್ನೂ ಕಲಿಸಿದರು. ಒತ್ತಿ ಹಿಡಿದು, ಮೊದಲು ಸ್ವಲ್ಪ ಹಿಂದಕ್ಕೆ ತಿರುಗಿಸಬೇಕು; ತಿರುಪು ಕೂತ ಹಾಗೆ ಬೆರಳಿಗೆ ಗೊತ್ತಾದ ಮೇಲೆ ಮುಂದಕ್ಕೆ. ನಿಂತ ಕಡೆ ನಿಲ್ಲಿಸಬೇಕು, ಹಿಂಡಬಾರದು. ತಲೆಯಾಡಿಸಿದೆ. ಆದರೆ ಭೀಮನಬೀಡಿಗೆ ಹೊರಟಾಗಲೆಲ್ಲ ಎಲ್ಲಿಲ್ಲದ ಭಯ. ಮನೆ ಬಿಡುವಾಗ ಒಮ್ಮೆ ಹಿಂಡುತ್ತಿದ್ದೆ, ಗುಂಡ್ಲುಪೇಟೆಯಲ್ಲಿ ಇನ್ನೊಮ್ಮೆ, ಮಾವನ ಮನೆಯ ಜಗಲಿ ಹತ್ತುವಾಗ ಮತ್ತೊಮ್ಮೆ.

ಅಷ್ಟೆಲ್ಲ ಹಿಂಡಿದವನು ಹಿಂಡಲೇಬೇಕಾದ ದಿನ ಮರೆತೆ. ನಾದಿನಿ ಗೌರಿಯನ್ನು ನೋಡಲು ಹಂಗಳದಿಂದ ಗಂಡಿನ ಕಡೆಯವರು ಬಂದಿದ್ದರು. ಅಂದು ಕೇಸರಿಬಾತು ಬಹಳ ಚೆನ್ನಾಗಿತ್ತು, ನಾನು ಎರಡನೇ ಸಲ ಹಾಕಿಸಿಕೊಳ್ಳುವುದರಲ್ಲಿ ಮಗ್ನನಾಗಿದ್ದೆ. "ನಾವು ಅಳಿಯಂದ್ರಿಗೆ ಎಂಥ ವಾಚು ಕಟ್ತೀವಿ ಅಂತ ನೋಡ್ಕಳಿ!" ಮಾವನ ದನಿ ಕೇಳಿ, ಎಂಜಲು ಕೈಯನ್ನು ಅತ್ತ ಚಾಚಿಟ್ಟು ಎಡಗೈ ನೀಡಿದೆ. ಅವರೇ ಬಿಚ್ಚಿಕೊಂಡು ಚೊಂಬಿಗೆ ಬಿಟ್ಟರು. ಪಕ್ಕದಲ್ಲೇ ಕೂತಿದ್ದ ನನ್ನ ಕಣ್ಣೆದುರೇ ನೀರಿನಿಂದ ಒಂದು ಗುಳ್ಳೆ ಮೇಲೆ ಬಂತು. ಹಿಂದೆಯೇ ಇನ್ನೊಂದು.

ಮಾವನೂ ನೋಡಿದರು. ಏನೂ ಆಗದವರ ಹಾಗೆ ಕೈ ಹಾಕಿ ಎತ್ತಿದರು, ಮುಷ್ಟಿಯೊಳಗೆ ಮುಚ್ಚಿಕೊಂಡರು, "ಒಂದ್ ತೊಟ್ಟೂ ಓಗಿಲ್ಲ!" ಎಂದು ಸಾರಿ, ಟವೆಲ್ಲಿನ ತುದಿಗೆ ಗಂಟು ಹಾಕಿಬಿಟ್ಟರು. ಆ ಹೊತ್ತು ಅದು ಯಾರ ಕಿವಿಗೂ ಹೋಗಲಿಲ್ಲ. ಸಂಬಂಧ ಕುದುರಿತು. ಅವರು ಹೊರಟ ಮೇಲೆ ಬೈಗುಳಕ್ಕೆ ಕಾದು ಕೂತೆ, ಬರಲಿಲ್ಲ. ಮಾವ ತಮ್ಮ ಮಾನ ಉಳಿಸಿಕೊಂಡರು ಎಂದುಕೊಂಡಿದ್ದೆ. ಎಷ್ಟೋ ದಿನದ ಮೇಲೆ ನಾಗಮಣಿ ಬಾಯಿಬಿಟ್ಟಳು. ಅಂದು ಅಪ್ಪ ಅವಳನ್ನು ಅಡುಗೆಮನೆಗೆ ಕರೆದು ಹೇಳಿದ್ದರಂತೆ: "ಅಳೀಮಯ್ಯಂಗ ಯಾನೂ ಅನ್ಬ್ಯಾಡ ಕಣಮ್ಮಿ. ನಾಕು ಜನದ ಮುಂದ ಅವ್ರ ಮುಖ ಸಣ್ಣಗಾಗೋಯ್ತು, ನಂಗೇ ನೋಡಾಕಾಗ್ನಿಲ್ಲ." ಇದನ್ನು ಕೇಳಿದಾಗ ನನಗೆ ನಿಜಕ್ಕೂ ನಾಚಿಕೆಯಾಯಿತು.

ಬಾಲಣ್ಣ ಆ ವಾಚನ್ನು ಬಿಚ್ಚಿ ಒಣಗಿಸಿ ಬದುಕಿಸಿದರು. ಇಪ್ಪತ್ತು ಚಿಲ್ಲರೆ ವರ್ಷ ಓಡಿದ್ದು ಕಳೆದ ಭಾನುವಾರ ಮಂಜು ಕಟ್ಟಿತು. ಅಂದೇ ಗೌರಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬರುವವರು, ಶಾಸ್ತ್ರ ತಾತನ ಮನೆಯಲ್ಲೇ. ದಾರಿಯಲ್ಲಿ ಬಾಲಣ್ಣನ ಅಂಗಡಿಗೆ ಓಡಿದೆ. ಈಗ ಅವರಿಗೂ ದಪ್ಪ ಕನ್ನಡಕ.

"ಕೀಯ ತಿರುಪಿನ ಥ್ರೆಡ್ಡು ಪೂರಾ ಸವೆದಿದೆ ಸಾರೇ. ಬೆಲ್ಟು ಸರಿ ಉಂಟು, ಕೈ ಉಜ್ಜಿದ್ದಲ್ಲ ಇದು. ನೀವು ಬಿಗಿ ಮಾಡಿ ಮಾಡಿಯೇ ಸಡಿಲ ಆಗಿದೆ. ಹಿಂಡಬೇಡಿ ಅಂದಿದ್ದೆ, ಅಲ್ಲೇ?" ಹೊಸ ಕೀ ತರಿಸಬೇಕು, ಅಲ್ಲಿಯವರೆಗೆ ನೀರು ಸೋಕಿಸಕೂಡದು ಎಂದರು.

"ಮನೇಲೇ ಮರ್ತು ಬಂದೆ ಅಂದ್ಬುಡಿ," ಎಂದಳು ನಾಗಮಣಿ. ಒಮ್ಮೆ ಹಾಗೆಯೇ ಅಂದಿದ್ದೆ. ಮಾವನಿಗೆ ಎಂಬತ್ತು ದಾಟಿದೆ, ಕಣ್ಣು ಮಬ್ಬು. ಬಂದವನ ಮುಖ ನೋಡುವ ಮೊದಲು ಮಣಿಕಟ್ಟು ತಡವುತ್ತಾರೆ. ಸುಳ್ಳು ಹೇಳಿದ ಆ ದಿನ ಬರಿಗೈ ಸಿಕ್ಕಾಗ ಕಾಫಿಯನ್ನೂ ಅರ್ಧಕ್ಕೇ ಬಿಟ್ಟಿದ್ದರು. ವಾಚು ಹಾಳಾದರೆ ಹಾಳಾಗಲಿ ಎಂದು ಕಟ್ಟಿಕೊಂಡೇ ಹೋದೆ.

ನೆಂಟರು ಕೂತರು, ಕಾಫಿ ಬಂತು, ಚೊಂಬೂ ಬಂತು. ಮಾವ ಚೊಂಬಿನ ಬಾಯಿ ತಡವಿ ವಾಚನ್ನು ನೀರಿಗೆ ಬಿಟ್ಟರು. ಗುಳ್ಳೆಗಳು ಸಾಲಾಗಿ ಎದ್ದವು. ಈ ಸಲ ಕೇಸರಿಬಾತಿನ ತಟ್ಟೆ ಕೆಳಗಿಟ್ಟು, ಅವರಿಗಿಂತ ಮೊದಲು ನಾನೇ ಚೊಂಬಿಗೆ ಕೈ ಹಾಕಿದೆ. ಎತ್ತಿ ಮುಷ್ಟಿಯಲ್ಲಿ ಮುಚ್ಚಿಕೊಂಡು, ಪಡಸಾಲೆಗೆಲ್ಲ ಕೇಳುವಂತೆ ಕೂಗಿದೆ, "ಒಂದ್ ತೊಟ್ಟೂ ಓಗಿಲ್ಲ ಮಾವ!"

ನೆಂಟರು ಭೇಷ್ ಎಂದರು. ಮಾವನ ಮುಖ ಅರಳಿತು. ಮತ್ತೆ ಎಲ್ಲರೂ ಮಾತಿಗೆ ತೊಡಗಿದ ಮೇಲೆ ಅವರು ನನ್ನ ಮುಷ್ಟಿಯನ್ನು ಹುಡುಕಿ ಹಿಡಿದರು. ಬೆರಳ ಸಂದಿಯಿಂದ ನೀರು ಅವರ ಕೈಗೂ ಇಳಿಯುತ್ತಿತ್ತು. ಕಿವಿಯ ಹತ್ತಿರ ಬಾಗಿ ಮೆಲ್ಲಗೆ ಅಂದರು:

"ಅಳೀಮಯ್ಯ, ಕೀನೂ ಈ ಮುಷ್ಟಿಯಷ್ಟೇ ಬಿಗಿ ಮಾಡಿದ್ರ ಆಗಿತ್ತಲ್ಲ."