ವೈನಿಯ ಟೋಕನ್

ನಮ್ಮ ಕಾರ್ಖಾನೆಯ ಗೇಟಿನ ಒಳಗೆ ಎರಡು ಹಲಗೆಗಳಿದ್ದವು. ಬೆಳಿಗ್ಗೆ ಬಂದವರು ಒಂದರ ಮೊಳೆಯಿಂದ ತಮ್ಮ ನಂಬರಿನ ಹಿತ್ತಾಳೆ ಟೋಕನ್ ತೆಗೆದು ಇನ್ನೊಂದರ ಮೊಳೆಗೆ ಹಾಕಬೇಕು. ಸೈರನ್ ಕೂಗಿದ ಕೂಡಲೇ ಟೈಮ್ ಕೀಪರ್ ಎರಡನೆಯ ಹಲಗೆಯ ಜಾಲರಿ ಬಾಗಿಲಿಗೆ ಬೀಗ ಜಡಿಯುತ್ತಿದ್ದ. ಆಮೇಲೆ ಬಂದವರಿಗೆ ಅರ್ಧ ದಿನ ಗೈರುಹಾಜರಿ. ನಾಲ್ಕು ವರ್ಷ ನಾನು ದಿನಾ ಎರಡು ಟೋಕನ್ ಹಾಕಿದೆ. ಒಂದು ನನ್ನದು, ಇನ್ನೊಂದು ನನ್ನ ವೈನಿಯದು, ಅಂದರೆ ಅಣ್ಣನ ಹೆಂಡತಿಯದು. ಟೈಮ್ ಕೀಪರ್ ಆಕಳಿಸಿ ಬಾಯಿ ಮುಚ್ಚುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಆ ಕೈಚಳಕದ ಬಗ್ಗೆ ನನಗೆ ಜಂಬವೂ ಇತ್ತು. ಅದೇ ಒಂದು ಸಲ ವೈನಿಯ ಜೀವಕ್ಕೆ ಬಂತು.

ವೈನಿಗೆ ತಡವಾಗುತ್ತಿದ್ದುದು ಸೋಮಾರಿತನದಿಂದಲ್ಲ. ನಾವು ಬಿಜಾಪುರದ ಕಡೆಯವರು, ಹೈದರಾಬಾದಿನ ನಾಚಾರಮ್ಮಿನಲ್ಲಿ ಬಾಡಿಗೆ ಮನೆ. ಐದು ಜನಕ್ಕೆ ರೊಟ್ಟಿ ಬಡಿದು, ಮಗಳಿಗೆ ಜಡೆ ಹಾಕಿ, ಅವ್ವನ ಸ್ನಾನಕ್ಕೆ ನೀರು ಕಾಸಿಟ್ಟು, ಅಣ್ಣನ ಡಬ್ಬಿ, ನನ್ನ ಡಬ್ಬಿ, ಕಡೆಗೆ ತಮ್ಮ ಡಬ್ಬಿ ಕಟ್ಟಿಕೊಂಡು ಅವರು ಹೊರಡಬೇಕಿತ್ತು. ನಾನೋ ಮದುವೆಯಾಗದ ಮನೆಮಗಳು. ತಲೆ ಬಾಚಿ, ಪೌಡರ್ ಹಚ್ಚಿ, ಡಬ್ಬಿಗೆ ಕೈ ಚಾಚಿದರೆ ನನ್ನ ಬೆಳಗು ಮುಗಿಯಿತು. "ನೀ ನಡಿ ತಂಗೀ, ನಾ ಬಂದೆ" ಎಂದು ವೈನಿ ಒಲೆಯ ಮುಂದಿನಿಂದ ಕೂಗುತ್ತಿದ್ದರು. ನಾನು ನಡೆಯುತ್ತಿದ್ದೆ. ಅವರ ಟೋಕನ್ ಹಾಕಿದೆನಲ್ಲ, ಅವರ ಋಣ ಅಲ್ಲಿಗೆ ತೀರಿತು ಎಂದುಕೊಂಡಿದ್ದೆ.

ಕಾರ್ಖಾನೆಯ ಮನರಂಜನಾ ಕ್ಲಬ್ಬಿನಲ್ಲಿ ಕೇರಂ, ನಾಟಕಗಳ ಜೊತೆ ಪರ್ವತಾರೋಹಣದ ವಿಭಾಗವೂ ಒಂದಿತ್ತು. ಟೂಲ್ ರೂಮಿನ ಫೋರ್‌ಮನ್ ಅದರ ಮುಖ್ಯಸ್ಥರು. ತೆಲುಗರು, ಎಲ್ಲರಿಗೂ ಬರೀ 'ಸಾರ್'. ಪ್ರತಿ ಚಳಿಗಾಲ ಹತ್ತು ಹನ್ನೆರಡು ಜನರನ್ನು ಸಿಕಂದರಾಬಾದಿನಲ್ಲಿ ರೈಲು ಹತ್ತಿಸಿ ಹಿಮಾಲಯಕ್ಕೆ ಒಯ್ದು ಸ್ಕೀ ಮೇಲೆ ನಡೆಸುತ್ತಿದ್ದರು. ಸುಂಯ್ಯನೆ ಜಾರಿ ಇಳಿಯುವ ಸ್ಕೀ ಬೇರೆ. ಇದು ಉದ್ದನೆಯ ಸಪೂರ ಹಲಗೆಗಳಿಗೆ ಬೂಟಿನ ಮುಂಗಾಲು ಬಿಗಿದು, ಹಿಮ್ಮಡಿ ಎತ್ತುತ್ತ, ಎರಡೂ ಕೈಯಲ್ಲಿ ಕೋಲೂರುತ್ತ, ಬಯಲು ದಿಬ್ಬ ಎನ್ನದೆ ಮೈಲಿಗಟ್ಟಲೆ ಸಾಗುವ ನಡಿಗೆ. ಹೈದರಾಬಾದಿನಲ್ಲಿ ಹಿಮ ಎಲ್ಲಿಂದ ತರುವುದು? ಅಕ್ಕಿ ಗಿರಣಿಯ ಹಿಂದೆ ಭತ್ತದ ಹೊಟ್ಟು ಹರವಿ ಭಾನುವಾರ ಅದರ ಮೇಲೆ ಅಭ್ಯಾಸ ಮಾಡಿಸುತ್ತಿದ್ದರು. ಸಂಜೆಯ ಹೊತ್ತಿಗೆ ಮೈಯೆಲ್ಲ ತುರಿಕೆ. ಆ ವರ್ಷ ನಾನೂ ಸೇರಿದ್ದೆ. ನನ್ನನ್ನು ನೋಡಲು ಬಂದ ವೈನಿ ಒಂದು ದಿನ ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ತಾವೂ ಹಲಗೆ ಹತ್ತಿದರು. ಆ ತುದಿಯಿಂದ ಈ ತುದಿಗೆ ಒಂದು ಸಲವೂ ಬೀಳದೆ ಬಂದರು. ನಾನು ಆಗಲೇ ಆರು ಸಲ ಬಿದ್ದಿದ್ದೆ. ಮನೆ, ಒಲೆ, ಕಾರ್ಖಾನೆಗಳ ನಡುವೆ ಅವರ ಮುಖ ಹಾಗೆ ಅರಳಿದ್ದನ್ನು ನಾನು ಎಂದೂ ಕಂಡಿರಲಿಲ್ಲ.

ವೈನಿಯೂ ಹಿಮಾಲಯಕ್ಕೆ ಬರಲಿ ಎಂದರೆ ಅಣ್ಣ ಒಪ್ಪಲಿಲ್ಲ. "ಹನ್ನೆರಡ ದಿನ ಮನಿ ಬಿಟ್ಟು ಹೋಗ್ತಾಳಂತ? ಅಲ್ಲೇನರ ಹೆಚ್ಚುಕಡಿಮಿ ಆದ್ರ ಯಾರನ್ನ ಕೇಳಲಿ?" ಎಂದ. ನನಗೆ ಮೂಗಿನ ತುದಿಯಲ್ಲೇ ಸಿಟ್ಟು. "ನನ್ನ ಕೇಳು. ನಾನ ಕರಕೊಂಡು ಹೋಗ್ತೀನಿ, ನಾನ ಕರಕೊಂಡು ಬರ್ತೀನಿ. ಆತಿಲ್ಲೋ?" ಎಂದು ತಾಟು ಕುಕ್ಕಿ ಎದ್ದೆ. ಅವ್ವ ಮೊಮ್ಮಗಳನ್ನು ನೋಡಿಕೊಳ್ಳುತ್ತೇನೆ ಎಂದಳು. ದಿಲ್‌ಸುಖ್‌ನಗರದ ದರ್ಜಿ ವೈನಿಗೆ ಉಣ್ಣೆಯ ಪ್ಯಾಂಟು ಹೊಲಿದುಕೊಟ್ಟ, ಯಾರಿಗೆ ಎಂದು ಮೂರು ಸಲ ಕೇಳಿ.

ಆ ಸಲ ಹಿಮಾಲಯಕ್ಕೆ ಹೋದ ಹನ್ನೆರಡು ಜನರಲ್ಲಿ ಹೆಂಗಸರು ನಾವಿಬ್ಬರೇ. ಊರೂರಿನ ಮಂದಿ ಕೂಡಿದ ಕಾರ್ಖಾನೆಯಾದ್ದರಿಂದ ಎಣಿಕೆ ಹಿಂದಿಯಲ್ಲಿ. ಸಾರ್ ಕೂಗಿದ ಕೂಡಲೇ ಮುಂದಿನಿಂದ ಏಕ್, ದೋ ಎನ್ನುತ್ತ ಒಬ್ಬೊಬ್ಬರೂ ತಮ್ಮ ನಂಬರು ಹೇಳಬೇಕು. ನಾನು ಹನ್ನೊಂದು, ಗ್ಯಾರಾ; ವೈನಿ ಹನ್ನೆರಡು, ಬಾರಾ. ಎಲ್ಲರ ಹಿಂದೆ ಸಾರ್, ಎಲ್ಲರ ಮುಂದೆ ಅಲ್ಲಿಯ ಊರಿನ ಒಬ್ಬ ಗೈಡ್. ಸಾರ್ ತಮ್ಮ ದಖನಿ ಉರ್ದುವಿನಲ್ಲಿ ಹೇಳಿದ ನಿಯಮ ಒಂದೇ: "ಪೀಛೆ ರಹ್ ಗಯೇ ತೋ ಹಿಲೋ ನಕ್ಕೋ. ಗಿನತಿ ತುಮ್ಕು ಢೂಂಡ್ ಲೇತಿ." ಹಿಂದೆ ಉಳಿದರೆ ನಿಂತಲ್ಲಿಂದ ಅಲುಗಾಡಬೇಡಿ, ಎಣಿಕೆಯೇ ನಿಮ್ಮನ್ನು ಹುಡುಕುತ್ತದೆ. ವೈನಿ ಅದನ್ನು ಪಾಠದಂತೆ ಎರಡು ಸಲ ಬಾಯಲ್ಲಿ ಹೇಳಿಕೊಂಡರು.

ಹಿಮದ ನಡಿಗೆಯ ಮೂರನೆಯ ದಿನ ನಾವಿಬ್ಬರೂ ಹಿಂದೆ ಬಿದ್ದೆವು. ಇವರಿಂದ ನಮಗೂ ತಡ ಎಂದು ಗಂಡಸರು ಗೊಣಗಿದರು. ನಾಳೆಯೂ ಹೀಗಾದರೆ ನೀವಿಬ್ಬರೂ ಇಳಿದುಕೊಂಡ ಬಂಗಲೆಯಲ್ಲೇ ಕೂತು ಅಡಿಗೆ ಮಾಡಿ ಎಂದರು ಸಾರ್. ಅಷ್ಟು ದೂರ ಬಂದು ಮತ್ತೆ ಒಲೆಯ ಮುಂದೆಯೇ ವೈನಿ ಕೂರಬೇಕೇ ಎಂದು ನನ್ನ ಮೈ ಉರಿಯಿತು.

ನಾಲ್ಕನೆಯ ದಿನ ದೊಡ್ಡ ಬಯಲೊಂದನ್ನು ದಾಟಿ ಕುರುಬರ ಖಾಲಿ ಗುಡಿಸಲಿನವರೆಗೆ ಹೋಗಿ ಹಿಂದಿರುಗುತ್ತಿದ್ದೆವು. ಮಧ್ಯಾಹ್ನ ಮಂಜು ಕವಿಯಿತು. ಮೊದಲು ಬೆಟ್ಟ ಹೋಯಿತು, ಆಮೇಲೆ ಮರಗಳು, ಆಮೇಲೆ ನನಗಿಂತ ನಾಲ್ಕು ಜನ ಮುಂದಿದ್ದವನ ಬೆನ್ನು. ಎಡಕ್ಕೆ ಎಲ್ಲೋ ಆಳವಾದ ಕೊರಕಲಿತ್ತು. ದಾರಿ ನಿಶ್ಚಯ ಮಾಡಲು ಸಾರ್ ಗೈಡನ ಬಳಿಗೆ ಮುಂದಕ್ಕೆ ಹೋದರು. ಹೋಗುವಾಗ, ಒತ್ತೊತ್ತಾಗಿ ಬನ್ನಿ, ಹತ್ತು ಹತ್ತು ನಿಮಿಷಕ್ಕೆ ಎಣಿಸುತ್ತೇನೆ ಎಂದರು. ಹೀಗೆ ಸಾಲಿನ ಕಟ್ಟಕಡೆಗೆ ವೈನಿ ಉಳಿದರು.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ವೈನಿಯ ದನಿ: "ತಂಗೀ, ಪಟ್ಟಾ ಹರೀತು." ಬೂಟನ್ನು ಹಲಗೆಗೆ ಬಿಗಿಯುವ ಚರ್ಮದ ಪಟ್ಟಿ ತುಂಡಾಗಿತ್ತು. ನಾನು ನಿಂತೆ. ಅವರು ಬಗ್ಗಿ, ಕೈಚೀಲ ಬಿಚ್ಚಿ ಲಾಡಿಯ ತುಂಡೊಂದನ್ನು ಹುಡುಕುತ್ತಿದ್ದರು. "ನಿಂದರಬ್ಯಾಡ, ಮತ್ತ ಬೈತಾರ. ನೀ ನಡಿ, ನಾ ಬಂದೆ" ಎಂದರು. ನಾಲ್ಕು ವರ್ಷ ದಿನಾ ಕೇಳಿದ ಮಾತು. ದಿನಾ ಮಾಡಿದ ಹಾಗೆಯೇ ಮಾಡಿದೆ. ನಡೆದೆ.

ಎಣಿಕೆ ಶುರುವಾಯಿತು. ದನಿಗಳು ಒಂದೊಂದೇ ಹಿಂದಕ್ಕೆ ಬಂದವು. "ಗ್ಯಾರಾ" ಎಂದೆ. ಒಂದು ಕ್ಷಣ ಬಿಟ್ಟು, ಬಾಯಿಗೆ ಮಫ್ಲರ್ ಅಡ್ಡ ಹಿಡಿದು, ದನಿ ದಪ್ಪ ಮಾಡಿ "ಬಾರಾ" ಎಂದೆ. ಯಾರಿಗೂ ತಿಳಿಯಲಿಲ್ಲ. ಸಾಲು ಮುಂದೆ ಸಾಗಿತು. ನನಗೆ ಒಳಗೊಳಗೇ ನಗು ಬಂದಿತ್ತೆಂದು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಆಮೇಲೆ ಪ್ರತಿ ಹೆಜ್ಜೆಗೂ ತಿರುಗಿ ನೋಡತೊಡಗಿದೆ. ಹಲಗೆ ಹಿಮಕ್ಕೆ ಉಜ್ಜುವ ಸದ್ದು ಕೇಳಿದಂತಾಗುತ್ತಿತ್ತು, ನಿಂತರೆ ಅದು ನನ್ನದೇ. "ವೈನೀ" ಎಂದು ಕೂಗಿದೆ, ಮೆಲ್ಲಗೆ, ಮುಂದಿನವರಿಗೆ ಕೇಳದಂತೆ. ಗಾಳಿ ಎದ್ದಿತ್ತು. ಎರಡನೆಯ ಎಣಿಕೆ ಬಂತು. ಈಗ ಇಲ್ಲ ಎಂದರೆ ಆಗ ಯಾರು ಹೇಳಿದರು ಎಂದು ಕೇಳುತ್ತಾರಲ್ಲ! ಇನ್ನೇನು ಬಂದೇ ಬಿಡುತ್ತಾರೆ, ಗೇಟಿಗೆ ದಿನಾ ಏದುಸಿರು ಬಿಡುತ್ತ ಬರುವುದಿಲ್ಲವೇ ಎಂದು ನನಗೆ ನಾನೇ ಹೇಳಿಕೊಂಡೆ. "ಗ್ಯಾರಾ." ಮತ್ತೆ, "ಬಾರಾ."

ಮೂರನೆಯ ಎಣಿಕೆಯ ಹೊತ್ತಿಗೆ ನಾನು ಹಿಂದೆ ತಿರುಗಿ ನಿಂತೇ ಬಿಟ್ಟಿದ್ದೆ. ನಮ್ಮ ಹಲಗೆಗಳು ಕೊರೆದ ಎರಡು ಗೀರುಗಳು ಹತ್ತು ಮಾರು ಕಾಣುತ್ತಿದ್ದವು, ಅವನ್ನೂ ಗಾಳಿ ಪುಡಿಹಿಮ ತಂದು ತುಂಬುತ್ತಿತ್ತು. "ಗ್ಯಾರಾ" ಎಂದೆ. ಮುಂದಿನದು ಬಾಯಿಗೆ ಬರಲಿಲ್ಲ. ಮಂಜಿನೊಳಗಿಂದ ಸಾರ್ ಕೇಳಿದರು: "ಬಾರಾ?" ಮತ್ತೆ, ಗಟ್ಟಿಯಾಗಿ, "ಬಾರಾ?" "ಬಾರಾ ನಹೀಂ ಹೈ ಸಾರ್!" ಎಂದು ಕಿರುಚಿಕೊಂಡೆ.

ಸಾರ್ ಬಂದರು. ಇಷ್ಟು ಹೊತ್ತು ಯಾರು ಹೇಳುತ್ತಿದ್ದರು ಎಂದು ಕೇಳಿದರು. ಕೋಲು ಎತ್ತಿ ನನ್ನ ಎದೆಗೆ ತೋರಿಸಿಕೊಂಡೆ. ಬೈಯುತ್ತಾರೆ ಎಂದು ಕಾದೆ. ಬೈಯಲಿಲ್ಲ. ಗಡಿಯಾರ ನೋಡಿದರು. ಕತ್ತಲಾಗಲು ಎರಡು ಗಂಟೆಯೂ ಉಳಿದಿರಲಿಲ್ಲ. ಉಳಿದವರನ್ನು ಒಂದೇ ಕಡೆ ಕೂರಿಸಿ, "ಕಹಾಂ ಛೋಡೀ, ದಿಖಾ" ಎಂದು ನನ್ನನ್ನೂ ಗೈಡನನ್ನೂ ಕರೆದುಕೊಂಡು ಹಿಂದಕ್ಕೆ ಹೊರಟರು. ಎಲ್ಲಿ ಬಿಟ್ಟೆ ಎಂದು ತೋರಿಸಬೇಕಿತ್ತು. ಎಲ್ಲ ಕಡೆಯೂ ಒಂದೇ ಬಿಳುಪು, ನಾನು ಏನನ್ನು ತೋರಿಸಲಿ?

ಗೈಡ್ ಬಗ್ಗಿ, ಹಿಮದಲ್ಲಿ ಕೋಲೂರಿದ ತೂತುಗಳನ್ನು ಕೈಯಿಂದ ತಡವಿ ತಡವಿ ದಾರಿ ಹಿಡಿಯುತ್ತಿದ್ದ. ಒಂದು ಕಡೆ ತೂತುಗಳೂ ಮುಗಿದವು. ಅವನು ಎದ್ದು ಎಡಕ್ಕೆ, ಕೊರಕಲಿನ ಕಡೆಗೆ ನೋಡಿದ. ಸ್ಟೇಷನ್ನಿಗೆ ಅಣ್ಣ ಮಗಳನ್ನು ಕರೆದುಕೊಂಡು ಬಂದಿರುತ್ತಾನೆ. ಆ ಹುಡುಗಿಯ ಜಡೆ ಅವ್ವನ ಕೈಯಲ್ಲಿ ಓರೆಕೋರೆಯಾಗಿರುತ್ತದೆ. ಅವಳು ರೈಲಿನ ಬಾಗಿಲನ್ನೇ ನೋಡುತ್ತಿರುತ್ತಾಳೆ. ನಾನು ಒಬ್ಬಳೇ ಇಳಿಯುತ್ತೇನೆ. ಇಷ್ಟೇ ಮತ್ತೆ ಮತ್ತೆ ಕಣ್ಣಿಗೆ ಕಟ್ಟುತ್ತಿತ್ತು. ಮೂವರೂ ಕೂಗಿದೆವು. ನಿಂತು ಕಿವಿಗೊಟ್ಟೆವು. ಏನೂ ಇಲ್ಲ. ಮತ್ತೆ ಹತ್ತು ಹೆಜ್ಜೆ, ಮತ್ತೆ ಕೂಗು.

ಮೊದಲು ಕಂಡದ್ದು ಕೆಂಪು. ಎರಡು ಹಲಗೆಗಳನ್ನು ಕತ್ತರಿಯಾಗಿ ಹಿಮದಲ್ಲಿ ನೆಟ್ಟು ಅದಕ್ಕೆ ಕೆಂಪು ಮಫ್ಲರ್ ಕಟ್ಟಿ, ಅದರ ಪಕ್ಕದಲ್ಲಿ ವೈನಿ ನಿಂತಲ್ಲೇ ಕಾಲು ಕುಟ್ಟುತ್ತಿದ್ದರು. ನಾನು ಬಿಟ್ಟ ಜಾಗದಿಂದ ಒಂದು ಗೇಣೂ ಸರಿದಿರಲಿಲ್ಲ. ಗಂಟು ಹಾಕಲೆಂದು ಬಲಗೈಯ ಗ್ಲೌಸ್ ಬಿಚ್ಚಿದಾಗ ಗಾಳಿ ಅದನ್ನು ಹಾರಿಸಿಕೊಂಡು ಹೋಗಿತ್ತು. ತೋರುಬೆರಳು, ನಡುಬೆರಳು ಸುಣ್ಣ ಬಳಿದ ಹಾಗೆ ಬೆಳ್ಳಗಾಗಿದ್ದವು. ಸಾರ್ ಹೇಳಿದಂತೆ ನನ್ನ ಸ್ವೆಟರಿನೊಳಗೆ ಆ ಕೈ ತೂರಿಸಿ ಕಂಕುಳಲ್ಲಿ ಒತ್ತಿ ಹಿಡಿದೆ. ಕಬ್ಬಿಣ ಇಟ್ಟುಕೊಂಡಂತಿತ್ತು.

"ಭಾಳ ಹೊತ್ತಾತಲ್ಲವಾ" ಎಂದರು, ಹಲ್ಲು ಕಟಕಟ ಎನ್ನುತ್ತಿತ್ತು. "ಮುಂದ ಬರಬೇಕಂತ ಎರಡ ಸಲ ಮನಸಾತು. ಹಿಲೋ ನಕ್ಕೋ ಅಂದಾರಲ್ಲ. ಎಣಿಸಿದ ಕೂಡ್ಲೇ ನಾ ಇಲ್ಲಂತ ಗೊತ್ತಾಕ್ಕತಿ, ಬರ್ತಾರ ಅಂತ ನಿಂತೆ. ಇನ್ನೂ ಎಣಿಸಾಕತ್ತಿಲ್ಲೇನು ಅಂತ ಯೋಚನಿ ಮಾಡಾಕತ್ತಿದ್ದೆ."

ಸುಮ್ಮನಿದ್ದರೆ ಸುಮ್ಮನಿರಬಹುದಿತ್ತು. ಸಾರ್ ಹೇಳುವವರಲ್ಲ. ಆದರೆ ಅಳು ಒತ್ತರಿಸಿ ಬಂತು. "ಎಣಿಸಿದ್ರು ವೈನಿ. ಎರಡ ಸಲ ಎಣಿಸಿದ್ರು. ನಾನ ನಿಮ್ಮ ನಂಬರ್ ಹೇಳಿದೆ."

ವೈನಿ ನನ್ನ ಮುಖ ನೋಡಿದರು. ಆಮೇಲೆ ಕಂಕುಳಿನಿಂದ ಕೈ ಎಳೆದುಕೊಳ್ಳಲು ನೋಡಿದರು. ನಾನು ಬಿಡಲಿಲ್ಲ. ಬಂಗಲೆ ತಲುಪುವವರೆಗೆ ಅವರು ಒಂದು ಮಾತೂ ಆಡಲಿಲ್ಲ, ಆಮೇಲಿನ ದಿನಗಳಲ್ಲೂ ಆಡಲಿಲ್ಲ, ರೈಲಿನಲ್ಲಿ ಎರಡು ಹಗಲು ಕಿಟಕಿಯ ಕಡೆ ಮುಖ ಮಾಡಿ ಕೂತರು.

ಸಿಕಂದರಾಬಾದಿನಲ್ಲಿ ಅಣ್ಣ ಬಟ್ಟೆ ಸುತ್ತಿದ ಕೈ ನೋಡಿದವನೇ ನನ್ನ ಕಡೆ ತಿರುಗಿದ. ನಾನು ಬಾಯಿ ತೆರೆಯುವ ಮೊದಲೇ ವೈನಿ, "ಸ್ಟೋ ಹಚ್ಚೂಮುಂದ ಸುಟ್ಟಿತ್ರಿ. ಏನೂ ಆಗಿಲ್ಲ" ಎಂದು ಮಗಳನ್ನು ಎತ್ತಿಕೊಂಡರು. ನನಗೆ ಉಸಿರು ಬಂತು. ಕಾರ್ಖಾನೆಯ ದವಾಖಾನೆಯಲ್ಲಿ ಬೆರಳ ತುದಿ ಉಳಿಯುತ್ತದೆ ಎಂದರು. ಕಪ್ಪಾದ ಚರ್ಮ ಸುಲಿದು ಹೊಸದು ಬಂತು, ಸ್ಪರ್ಶ ಮಾತ್ರ ಬರಲಿಲ್ಲ. ಕೂದಲೆಳೆಯಂಥ ತಂತಿ ಸುತ್ತುವ ಕೆಲಸದಿಂದ ವೈನಿಯನ್ನು ಪ್ಯಾಕಿಂಗಿಗೆ ಹಾಕಿದರು. ತವೆಯ ಮೇಲಿನ ರೊಟ್ಟಿಯನ್ನು ಮಗುಚಿದರೆ ಬಿಸಿ ತಿಳಿಯದೆ ಬೆರಳು ಬೊಬ್ಬೆ ಏಳುತ್ತಿತ್ತು.

ಊರಿಗೆ ಬಂದ ಮೂರನೆಯ ದಿನವೇ ಒಲೆಯ ಮುಂದೆ ನನ್ನನ್ನು ನಿಲ್ಲಿಸಿ ವೈನಿ ಮಾತಾಡಿದರು. "ನಿಮ್ಮಣ್ಣನ ಮುಂದ ಸುಳ್ಳ ಹೇಳಿ ನಿನ್ನ ಟೋಕನ್ ನಾ ಹಾಕಿದೆ. ಅದ ಮೊದಲನೇದು, ಅದ ಕಡೀದು. ಇನ್ನ ಮ್ಯಾಲ ನೀನೂ ನಂದು ಹಾಕಬ್ಯಾಡ. ಟೋಕನ್ ಹಾಕೂದ ಬಿಟ್ಟು ನಸೀಕಲೇ ಎದ್ದು ನಾಕ ರೊಟ್ಟಿ ಬಡಿ."

ಮರುದಿನ ಐದಕ್ಕೆ ಎದ್ದೆ. ನನ್ನ ರೊಟ್ಟಿಗಳ ಆಕಾರ ನೋಡಿ ಅವ್ವ ತಲೆ ಚಚ್ಚಿಕೊಂಡಳು. ವೈನಿ ಮಗಳ ಜಡೆ ಮುಗಿಸಿ, ಸೀರೆ ಉಟ್ಟು, ನಾಲ್ಕು ವರ್ಷದಲ್ಲಿ ಮೊದಲ ಸಲ ನನಗಿಂತ ಮೊದಲು ಸಿದ್ಧವಾಗಿ ಬಾಗಿಲಿಗೆ ಬಂದರು. ನನ್ನ ಕೈ ಇನ್ನೂ ಹಿಟ್ಟಿನಲ್ಲಿತ್ತು, ಎರಡು ರೊಟ್ಟಿ ಬಾಕಿ ಇದ್ದವು. ಗಡಿಯಾರ ನೋಡಿ ಗಾಬರಿಯಾಗಿ, "ನೀವು ನಡೀರಿ ವೈನಿ, ನಾ ಬಂದೆ" ಎಂದೆ.

ಅವರು ನಡೆಯಲಿಲ್ಲ. ಡಬ್ಬಿಯ ಚೀಲ ಕೆಳಗಿಟ್ಟು, ನಾನು ಕೈ ತೊಳೆದು ಬರುವವರೆಗೆ ಹೊಸ್ತಿಲ ಹೊರಗೆ ನಿಂತಿದ್ದರು. ಅಂದು ಇಬ್ಬರಿಗೂ ಅರ್ಧ ದಿನ ಗೈರುಹಾಜರಿ ಬಿತ್ತು.