ತಗಡಿನ ಕೋಣೆಯ ಶಿಲ್ಪಿ

ಇದನ್ನು ಬರೆಯಲು ಕುಳಿತಾಗಲೆಲ್ಲ ಬೇರೆ ಕೆಲಸ ನೆನಪು ಮಾಡಿಕೊಂಡು ಎದ್ದಿದ್ದೇನೆ. ಈಗ ಎಪ್ಪತ್ತು ದಾಟಿತು, ಇನ್ನು ಮುಂದೂಡಲು ದಿನಗಳಿಲ್ಲ.

ಅತ್ತಿಗೆಯ ಎಡಗೈ ಹೆಬ್ಬೆರಳಿನ ಉಗುರು ಕಪ್ಪಾಗಿ ನಡುವೆ ಸೀಳಿತ್ತು. ಸುತ್ತಿಗೆಯ ಏಟು ತಿಂದ ಉಗುರು ಅದು. ಯಾರಾದರೂ ಕೇಳಿದರೆ ಬಾಗಿಲ ಸಂದಿಗೆ ಸಿಕ್ಕಿತೆಂದು ಹೇಳು ಅಂತ ಕಲಿಸಿದವನು ನಾನೇ.

ಹೊಸಪೇಟೆಯಿಂದ ಹಂಪಿಗೆ ಹೋಗುವ ರಸ್ತೆಯಲ್ಲಿ ನಮ್ಮದು ದೇವರ ವಿಗ್ರಹ ಕೆತ್ತುವ ಮನೆ. ಕಲ್ಲಿನ ದೂಳು ಎದೆ ಸೇರಿ ಅಣ್ಣ ಹಾಸಿಗೆ ಹಿಡಿದಾಗ, ಸಂಡೂರಿನಿಂದ ಬಂದ ಹೆಂಡತಿಗೆ ಮಂಚದಿಂದಲೇ ಉಳಿ ಹಿಡಿಯುವುದನ್ನು ಕಲಿಸಿದ. ಎರಡೇ ವರ್ಷದಲ್ಲಿ ಆಕೆಯ ಕೈ ಅವನದನ್ನು ಮೀರಿಸಿತು. ನಾನು ಹೈಸ್ಕೂಲು ಓದಿದವನು. ಮಾತು ಬರುತ್ತಿತ್ತು, ಕೆತ್ತನೆ ಅಷ್ಟಕ್ಕಷ್ಟೆ. ನಮ್ಮ ಕಸುಬಿನಲ್ಲಿ ಹೆಂಗಸು ಉಳಿ ಮುಟ್ಟುವಂತಿರಲಿಲ್ಲ. ಹಾಗಾಗಿ ಅಣ್ಣ ತೀರಿದ ಮೇಲೆ ಆಕೆ ಹಿತ್ತಲಿನ ತಗಡಿನ ಕೋಣೆಯಲ್ಲಿ ಕೆತ್ತುತ್ತಿದ್ದಳು, ಮುಂದೆ ನಾನು ಶಿಲ್ಪಿಯಾಗಿ ಕೂರುತ್ತಿದ್ದೆ. ಗಿರಾಕಿ ಬಂದರೆ ಹೊರಗಿನಿಂದ ಚಿಲಕ ಹಾಕುತ್ತಿದ್ದೆ. ಬೇಸಿಗೆಯಲ್ಲಿ ಆ ತಗಡು ಕೆಂಡ. ಮಾತು ಜಲ್ದಿ ಮುಗಿಸು ಎನ್ನುವಳು, ಅಷ್ಟೆ.

ಕಲ್ಲನ್ನು ಒದ್ದೆ ಮಾಡಿ, ಕೆನ್ನೆಯೊತ್ತಿ, ಎಲ್ಲಿ ಒರಟಿದೆ ಎಂದು ತಿಳಿಯುತ್ತಿದ್ದಳು. ಎದ್ದಾಗ ಮುಖದ ಒಂದು ಬದಿ ಮಾತ್ರ ಬೂದಿಬಣ್ಣ. "ಅರ್ಧ ಹೆಂಗಸು, ಅರ್ಧ ಕಲ್ಲು. ಹೆದರಬ್ಯಾಡ ಲೇ," ಎಂದು ನಗುತ್ತಿದ್ದಳು.

ಕಂಪ್ಲಿಯವರು ಒಂದು ದೇವಿಯ ವಿಗ್ರಹಕ್ಕೆ ಹೇಳಿದರು. ಐದು ತಿಂಗಳು ಆಕೆ ಬೇರೆ ಕಲ್ಲು ಮುಟ್ಟಲಿಲ್ಲ. ಕಣ್ಣನ್ನು ಮಾತ್ರ ಉಳಿಸಿಕೊಂಡು, ಕೊನೆಗೆ ಊರವರ ಮುಂದೆ ಪೂಜೆ ಮಾಡಿ, ಶಿಲ್ಪಿ ರೆಪ್ಪೆಯ ಗೆರೆ ಕೊರೆದು ಕಣ್ಣು ತೆರೆಸುವುದು ಪದ್ಧತಿ. ಹಿಂದಿನ ವಿಗ್ರಹಗಳಿಗೆ ಆಕೆಯೇ ಗುಟ್ಟಾಗಿ ಗೆರೆ ಕೊರೆದಿಡುತ್ತಿದ್ದಳು. ನಾನು ಅದರ ಮೇಲೆ ಉಳಿ ಆಡಿಸುತ್ತಿದ್ದೆ. ಈ ಸಲ ಒಪ್ಪಲಿಲ್ಲ.

"ಈಕೀ ಕಣ್ಣು ನಾನ ತೆರಸ್ತೀನಿ, ಅವರ ಮುಂದ. ಹೆಸರು ನಿಂದ ಇರ್ಲಿ. ಕೈ ನಂದು ಅಂತ ಗೊತ್ತಾಗ್ಲಿ, ಸಾಕು."

ಹೂಂ ಅಂದೆ. ಕಣ್ಣು ತೆರೆಸುವ ದಿನ ಬೆಳಿಗ್ಗೆ ಕಂಪ್ಲಿಯ ಜೀಪು ನಿಂತ ಸದ್ದು ಕೇಳಿದ್ದೇ ಚಿಲಕ ಹಾಕಿದೆ. ಒಳಗಿನಿಂದ ಒಮ್ಮೆ ಬಾಗಿಲು ತಳ್ಳಿದ್ದು ಕೇಳಿಸಿತು. ಮತ್ತೆ ತಳ್ಳಲಿಲ್ಲ.

ಅಂಗಳಕ್ಕೆ ತಂದಿಟ್ಟಿದ್ದ ವಿಗ್ರಹದ ಗೆರೆಯಿಲ್ಲದ ಕಣ್ಣಿಗೆ ನಾನೇ ಉಳಿ ಇಟ್ಟೆ. ಬಲಗಣ್ಣು ಹೇಗೋ ಆಯಿತು. ಎಡಗಣ್ಣಿನ ರೆಪ್ಪೆ ಚಕ್ಕೆ ಎದ್ದು ಹಾರಿತು. ಊನವಾದ ವಿಗ್ರಹಕ್ಕೆ ಪೂಜೆಯಿಲ್ಲ. ಮುಂದಾಳು ಮುದುಕ ಬಗ್ಗಿ ನೋಡಿ, "ಕಣ್ಣ ಹೋತಲ್ರಿ," ಎಂದ. ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು.

"ನನ್ನ ತಪ್ಪಲ್ರಿ," ಎಂದೆ. "ಈ ಕಲ್ಲು ನಮ್ಮನಿ ಹೆಂಗಸು ಮುಟ್ಯಾಳ."

ಕೈ ಆಕೆಯದೆಂದು ಊರಿಗೆ ತಿಳಿದದ್ದು ಹೀಗೆ.

ಅವರು ಹೋದ ಮೇಲೆ ಚಿಲಕ ತೆಗೆದೆ. ಆಕೆ ಬೆವರಿನಲ್ಲಿ ತೊಯ್ದು ಗೋಡೆಗೊರಗಿ ಕೂತಿದ್ದಳು. ಬೈಯಲಿಲ್ಲ. "ಉಳಿ ನೆಟ್ಟಗ ಹಿಡಿದಿದ್ದಿ. ಸಪ್ಪಳದಾಗ ಗೊತ್ತಾತು," ಎಂದಳು. "ರೆಪ್ಪಿಗೆ ಓರೆ ಹಿಡೀಬೇಕು."

ಮತ್ತೆ ಆಕೆ ಉಳಿ ಹಿಡಿಯಲಿಲ್ಲ. ಆಕೆ ಮುಟ್ಟಿದ ಕಲ್ಲು ಯಾರಿಗೂ ಬೇಕಾಗಲಿಲ್ಲ. ನಾನು ತುಂಗಭದ್ರಾ ಡ್ಯಾಂನಲ್ಲಿ ಕಾವಲು ಕೆಲಸಕ್ಕೆ ಸೇರಿದೆ. ಆಕೆ ಅದೇ ಮನೆಯಲ್ಲಿ ನನಗೂ ನನ್ನ ಮಕ್ಕಳಿಗೂ ಮೂವತ್ತು ವರ್ಷ ರೊಟ್ಟಿ ಬಡಿದಳು. ಚಿಲಕ ಹಾಕುವ ಅಗತ್ಯವೇ ಬೀಳಲಿಲ್ಲ.

ಹೋದ ಚಳಿಗಾಲದಲ್ಲಿ ತೀರಿಕೊಂಡಳು. ಕೊನೆಯ ದಿನ ಪಕ್ಕದಲ್ಲಿ ಕುಳಿತು, ನೀರು ಬೇಕೇ ಎಂದು ಮೂರು ಸಲ ಕೇಳಿದೆ. ಮೂರು ಸಲವೂ ಕೇಳಬೇಕೆಂದುಕೊಂಡದ್ದು ಅದಲ್ಲ. ನನ್ನ ಅತ್ತಿಗೆಯನ್ನು ಕ್ಷಮೆ ಕೇಳದೆಯೇ ಕಳಿಸಿಕೊಟ್ಟೆ.